ಬಂಡೆ ಸೀಮೆಯ ಮನೆ: ಆಪತ್ತಿಗೆ ಸಿದ್ಧರಾಗುವ ಮೊದಲ ಪಾಠ

ಕಬ್ಬಾಳು ದುರ್ಗವನ್ನು ಸಾತನೂರು ರಸ್ತೆಯಿಂದ ನೋಡಿದರೆ ಕಾಣುವುದು ಒಂದೇ ಒಂದು ದೊಡ್ಡ ಬೋಳು ಬಂಡೆ. ಹೈದರ್, ಟಿಪ್ಪು ಕಾಲದಲ್ಲಿ ಮೇಲಿನ ಕೋಟೆ ಸೆರೆಮನೆಯಾಗಿತ್ತು. ಈಗ ಕೆಳಗೆ ಕಬ್ಬಾಳಮ್ಮನ ಗುಡಿಗೆ ಬರುವ ಜನರಿಗೆ ಲೆಕ್ಕವಿಲ್ಲ. ನಮ್ಮ ಪಾಠಕ್ಕೆ ಬೇಕಾದದ್ದು ಈ ಬಂಡೆಯ ಒಂದು ಗುಣ ಮಾತ್ರ. ಅದು ನೀರು ಕುಡಿಯುವುದಿಲ್ಲ.

ಕನಕಪುರ, ರಾಮನಗರ, ಮಾಗಡಿ, ಚನ್ನಪಟ್ಟಣ ನಾಲ್ಕು ಕಡೆಯೂ ನೆಲದಡಿ ಇರುವುದು ಇಂಥ ಗಟ್ಟಿ ಕಲ್ಲೇ. ಮಳೆ ಬಿದ್ದರೆ ಬೆಟ್ಟದ ನೀರು ಹೆಚ್ಚು ಹೊತ್ತು ತೆಗೆದುಕೊಳ್ಳದೆ ಹಳ್ಳಕ್ಕೆ ಇಳಿಯುತ್ತದೆ, ಹಳ್ಳ ಕೆರೆ ತುಂಬಿಸುತ್ತದೆ, ಆ ಕೆರೆಯ ಕೋಡಿ ಮುಂದಿನ ಕೆರೆಗೆ ಹರಿಯುತ್ತದೆ. ಮಳೆ ನಿಂತ ಮೇಲೆ ಕಲ್ಲಿನೊಳಗೆ ಉಳಿಯುವ ನೀರು ಸ್ವಲ್ಪ. ಬಿರುಕುಗಳಲ್ಲಿ ನಿಂತಷ್ಟೇ ಬೋರ್‌ವೆಲ್‌ಗೆ ಸಿಗುವುದು. ಹಾಗಾಗಿ ಅತಿ ನೀರು, ಕಡಿಮೆ ನೀರು ಎರಡೂ ಈ ಸೀಮೆಯಲ್ಲಿ ಒಂದೇ ಮನೆಯ ಬಾಗಿಲು ತಟ್ಟುತ್ತವೆ. ನಂಬಿಕೆ ಬರದಿದ್ದರೆ ಎರಡು ವರ್ಷ ನೆನಪು ಮಾಡಿಕೊಳ್ಳಿ. 2022ರ ಆಗಸ್ಟ್ ಕೊನೆಯಲ್ಲಿ, ಮಖೆ ಮಳೆಗೆ, ರಾಮನಗರ, ಚನ್ನಪಟ್ಟಣದ ಕೆರೆಗಳು ಕೋಡಿ ಬಿದ್ದವು. ಬೆಂಗಳೂರು–ಮೈಸೂರು ಹೆದ್ದಾರಿ ರಾಮನಗರದ ಹತ್ತಿರ ನೀರಿನಲ್ಲಿ ಮುಳುಗಿತು, ಕೆಳಸೇತುವೆಯಲ್ಲಿ ಬಸ್ಸು, ಕಾರುಗಳು ಸಿಕ್ಕಿಕೊಂಡವು, ಆಗಿನ ಮುಖ್ಯಮಂತ್ರಿ ಬಸವರಾಜ ಬೊಮ್ಮಾಯಿ ಖುದ್ದು ನೋಡಲು ಬಂದರು. ಸರಿಯಾಗಿ ಮರುವರ್ಷ, 2023ರಲ್ಲಿ, ರಾಜ್ಯದ 236 ತಾಲ್ಲೂಕುಗಳಲ್ಲಿ 223 ಬರಪೀಡಿತವೆಂದು ಸರ್ಕಾರ ಘೋಷಿಸಿತು.

ವಿಪತ್ತು ಎಂದರೆ ಟಿವಿಯಲ್ಲಿ ಕಾಣುವ ಚಂಡಮಾರುತ, ಭೂಕಂಪ, ಕೊಡಗಿನ 2018ರ ಗುಡ್ಡ ಕುಸಿತ ಎಂದು ನಾವು ಅಂದುಕೊಂಡಿರುತ್ತೇವೆ. ಅವು ನಮಗೆ ದೂರ, ಆದ್ದರಿಂದ ಸಿದ್ಧತೆಯೂ ಬೇಡ ಎಂದು ಸುಮ್ಮನಾಗುತ್ತೇವೆ. ನಮ್ಮ ಕಡೆಯ ಆಪತ್ತು ಸಣ್ಣದಾಗಿ, ಒಂದೊಂದೇ ಮನೆಗೆ ಬರುತ್ತದೆ. ಒಂದು ಹುಣಸೆ ಮರಕ್ಕೆ ಸಿಡಿಲು, ಒಂದು ಹುಲ್ಲಿನ ಮೆದೆಗೆ ಬೆಂಕಿ, ಒಬ್ಬ ಹುಡುಗನಿಗೆ ಹಾವು. ಇವು ಪೇಪರಿನ ಜಿಲ್ಲಾ ಪುಟದ ಮೂಲೆಯಲ್ಲಿ ನಾಲ್ಕು ಸಾಲಾಗಿ ಬರುತ್ತವೆ. ಆ ಮನೆಗೆ ಮಾತ್ರ ಅದು ಪ್ರಳಯ.

ಒಂದು ಸಮಾಧಾನದ ಮಾತನ್ನು ಮೊದಲೇ ಹೇಳಿಬಿಡುತ್ತೇನೆ. ಇಂಥ ಆಪತ್ತುಗಳಿಗೆ ಹೆಚ್ಚುಕಡಿಮೆ ತಿಂಗಳು ಗೊತ್ತಿದೆ. ನಮ್ಮ ರೈತರು ಬಿತ್ತನೆಗೆ ನೋಡುವ ಮಳೆ ನಕ್ಷತ್ರಗಳ ಲೆಕ್ಕವನ್ನೇ ಇದಕ್ಕೂ ಇಟ್ಟುಕೊಳ್ಳಬಹುದು. ಅದೇ ದಾರಿಯಲ್ಲಿ ಹೋಗೋಣ.

ಅಶ್ವಿನಿ, ಭರಣಿ, ಕೃತ್ತಿಕೆ: ಏಪ್ರಿಲ್ ಮಧ್ಯದಿಂದ ಮೇ ಕೊನೆವರೆಗೆ. ಹಗಲೆಲ್ಲ ಕಾದ ನೆಲ, ಮಧ್ಯಾಹ್ನ ಮೂರರ ಮೇಲೆ ಕವಿಯುವ ಕಪ್ಪು ಮೋಡ, ಮೊದಲು ಗಾಳಿ, ಆಮೇಲೆ ಸಿಡಿಲು, ಕೊನೆಗೆ ಮಳೆ. ಹೆಚ್ಚು ಜೀವ ತೆಗೆಯುವುದು ಸಿಡಿಲು. ಅದನ್ನು ನಿಧಾನವಾಗಿ ತಿಳಿಯೋಣ.

ಮಿಂಚು ಕಂಡ ಕ್ಷಣದಿಂದ ಗುಡುಗು ಕೇಳುವವರೆಗೆ ಎಣಿಸಿ. ಶಬ್ದ ಸೆಕೆಂಡಿಗೆ ಸುಮಾರು 340 ಮೀಟರ್ ಓಡುತ್ತದೆ. ಅಂದರೆ ಮೂರು ಎಣಿಸಿದರೆ ಒಂದು ಕಿಲೋಮೀಟರ್. ಮೂವತ್ತರ ಒಳಗೆ ಗುಡುಗು ಕೇಳಿಸಿತೆಂದರೆ ಸಿಡಿಲಿನ ಮೋಡ 10 ಕಿಲೋಮೀಟರ್ ಒಳಗಿದೆ, ಮುಂದಿನ ಸಿಡಿಲು ನಿಮ್ಮ ಹೊಲಕ್ಕೇ ಬೀಳಬಹುದು. ಕೈಯಲ್ಲಿರುವ ಕೆಲಸ ಬಿಟ್ಟು ಮನೆಗೆ ನಡೆಯಬೇಕು. ಕೊನೆಯ ಗುಡುಗು ಕೇಳಿ ಅರ್ಧ ಗಂಟೆ ಆಗುವವರೆಗೆ ಹೊರಗೆ ಬರಬಾರದು. ಮಳೆ ನಿಂತಿತಲ್ಲ ಎಂದು ಹತ್ತೇ ನಿಮಿಷಕ್ಕೆ ಕುರಿ ಬಿಡಲು ಹೋಗುವವರೇ ಅಪಾಯಕ್ಕೆ ಸಿಗುವುದು.

ಮರದ ಕೆಳಗೆ ಯಾಕೆ ನಿಲ್ಲಬಾರದು? ಎತ್ತರದ ಮರಕ್ಕೆ ಸಿಡಿಲು ಬೇಗ ಹೊಡೆಯುತ್ತದೆ ಎಂಬುದು ಅರ್ಧ ಉತ್ತರ. ಬುಡಕ್ಕೆ ಇಳಿದ ವಿದ್ಯುತ್ತು ನೆಲದಲ್ಲಿ ಸುತ್ತಲೂ ಹರಡುತ್ತದೆ ಎಂಬುದು ಉಳಿದರ್ಧ. ನಮ್ಮದು ಕಲ್ಲು ನೆಲ. ವಿದ್ಯುತ್ತು ಸುಲಭವಾಗಿ ಆಳಕ್ಕೆ ಇಳಿಯದೆ ಮೇಲೆ ಮೇಲೆ ಹರಿಯುತ್ತದೆ. ನಿಂತವನ ಎರಡು ಕಾಲುಗಳ ನಡುವೆ ಅಂತರ ಹೆಚ್ಚಿದ್ದಷ್ಟೂ ಒಂದು ಕಾಲಿನಿಂದ ಹತ್ತಿ ಇನ್ನೊಂದರಿಂದ ಇಳಿಯುವ ವಿದ್ಯುತ್ತು ಹೆಚ್ಚು. ಹಸುವಿನ ಮುಂಗಾಲಿಗೂ ಹಿಂಗಾಲಿಗೂ ಎಷ್ಟು ಅಂತರ ನೋಡಿ. ಒಂದೇ ಮರದಡಿ ಕಟ್ಟಿದ ನಾಲ್ಕೈದು ರಾಸುಗಳು ಒಟ್ಟಿಗೆ ಸಾಯುವುದರ ಗುಟ್ಟು ಅಲ್ಲಿದೆ. ಭರಣಿ ಬರುವ ಮುಂಚೆ ರಾಸುಗಳನ್ನು ಮರದಡಿಯಿಂದ ಬಿಚ್ಚಿ ಕೊಟ್ಟಿಗೆಗೆ ತರುವುದು ಯಾರ ಕೆಲಸ ಎಂದು ಮನೆಯಲ್ಲಿ ಗೊತ್ತುಮಾಡಿ. ಮೋಡ ಕಂಡಾಗಲೇ ತರಬೇಕು, ಸಿಡಿಲು ಶುರುವಾದ ಮೇಲೆ ಓಡಿಹೋಗಿ ತರುವಂತಿಲ್ಲ.

ಬಯಲಿನಲ್ಲೇ ಸಿಕ್ಕಿಬಿದ್ದರೆ ಎರಡೂ ಪಾದ ಜೋಡಿಸಿ, ಕುಕ್ಕರುಗಾಲಲ್ಲಿ ಕುಳಿತು, ತಲೆ ತಗ್ಗಿಸಿ, ಕಿವಿ ಮುಚ್ಚಿಕೊಳ್ಳಬೇಕು. ಮಲಗಬಾರದು. ತಂತಿ ಬೇಲಿ, ಬೋರ್‌ವೆಲ್ ಪೈಪು, ಮೋಟಾರಿನ ಸ್ಟಾರ್ಟರ್ ಡಬ್ಬಿ ಮುಟ್ಟಬಾರದು. ಸಿಡಿಲು ಬಡಿದವರನ್ನು ಮುಟ್ಟಿದರೆ ನಮಗೂ ಹೊಡೆಯುತ್ತದೆ ಎಂಬ ಭಯ ಹಳ್ಳಿಗಳಲ್ಲಿ ಈಗಲೂ ಇದೆ. ಅದು ಸುಳ್ಳು, ಮೈಯಲ್ಲಿ ವಿದ್ಯುತ್ತು ಉಳಿಯುವುದಿಲ್ಲ. ಉಸಿರು ನಿಂತಿದ್ದರೆ ಎದೆಯ ನಡುವೆ ಎರಡೂ ಅಂಗೈ ಇಟ್ಟು, ಸುಮಾರು 5 ಸೆಂಟಿಮೀಟರ್ ಆಳಕ್ಕೆ, ನಿಮಿಷಕ್ಕೆ ನೂರಕ್ಕೂ ಸ್ವಲ್ಪ ಹೆಚ್ಚು ಸಲ ಒತ್ತುತ್ತ ಹೋಗಿ, ಇನ್ನೊಬ್ಬರು 108ಕ್ಕೆ ಫೋನ್ ಮಾಡಲಿ. ಸಿಡಿಲು ಬಡಿದವರಲ್ಲಿ ಹೀಗೆ ಬದುಕಿದವರಿದ್ದಾರೆ. ತಿಪ್ಪೆಯಲ್ಲಿ ಹೂಳುವುದು, ಸೆಗಣಿ ಬಳಿಯುವುದು ಮಾಡುತ್ತ ಕೂತರೆ ಆ ಅವಕಾಶ ಹೋಗುತ್ತದೆ.

ಮುನ್ಸೂಚನೆ ಎಲ್ಲಿ ಸಿಗುತ್ತದೆ ಎಂದು ಕೇಳುವಿರಿ. ಯಲಹಂಕದಲ್ಲಿ ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರ ಇದೆ. 1988ರಲ್ಲಿ ಬರ ಗಮನಿಸುವ ಸಣ್ಣ ಘಟಕವಾಗಿ ಶುರುವಾದ ಸಂಸ್ಥೆ ಅದು, ಈಗ ಪಂಚಾಯಿತಿ ಮಟ್ಟದ ಮಳೆ ಮಾಪಕಗಳನ್ನು ಇಟ್ಟುಕೊಂಡಿದೆ. ಅದರ ‘ವರುಣಮಿತ್ರ’ ಸಹಾಯವಾಣಿ 92433 45433. ಕನ್ನಡದಲ್ಲೇ ನಿಮ್ಮ ಹೋಬಳಿಯ ಮಳೆ, ಗಾಳಿಯ ವಿಚಾರ ಕೇಳಬಹುದು. ಸ್ಮಾರ್ಟ್‌ಫೋನ್ ಇದ್ದವರು ಅದೇ ಕೇಂದ್ರದ ‘ಸಿಡಿಲು’ ಆ್ಯಪ್ ಅಥವಾ ಕೇಂದ್ರ ಸರ್ಕಾರದ ‘ದಾಮಿನಿ’ ಹಾಕಿಕೊಳ್ಳಲಿ. ಮನೆಯಲ್ಲಿ ಕಾಲೇಜಿಗೆ ಹೋಗುವ ಮಗನೋ ಮಗಳೋ ಇದ್ದರೆ ಐದು ನಿಮಿಷದ ಕೆಲಸ.

ಗಾಳಿಯ ವಿಷಯ ಚಿಕ್ಕದು. ಶೀಟಿನ ಮೇಲೆ ಹಾರದಿರಲೆಂದು ಇಟ್ಟ ಕಲ್ಲುಗಳು ಬಿರುಗಾಳಿಗೆ ಶೀಟಿನ ಜೊತೆ ಕೆಳಗೆ ಮಲಗಿದವರ ಮೇಲೆ ಬರುತ್ತವೆ. ಕಲ್ಲು ತೆಗೆದು ಬೋಲ್ಟು ಹಾಕಿಸಿ. ಮನೆ ಮೇಲೆ ಬಾಗಿದ ತೆಂಗು, ಒಣಗಿದ ಕೊಂಬೆ ಏಪ್ರಿಲ್‌ಗೆ ಮುಂಚೆ ಇಳಿಯಲಿ. ತುಂಡಾಗಿ ಬಿದ್ದ ಕರೆಂಟು ತಂತಿ ಸತ್ತಿದೆ ಎಂದು ಯಾವತ್ತೂ ಲೆಕ್ಕ ಹಾಕಬೇಡಿ. ಹತ್ತು ಮೀಟರ್ ದೂರ ನಿಂತು, ಮಕ್ಕಳನ್ನು ರಾಸುಗಳನ್ನು ತಡೆದು, 1912ಕ್ಕೆ ತಿಳಿಸಿ.

ಮಖೆ, ಹುಬ್ಬೆ, ಉತ್ತರೆ ಬಂದಾಗ ಕಣ್ಣು ಕೆರೆಯ ಕಡೆಗೆ ಹೋಗಬೇಕು. ನಿಮ್ಮ ಮನೆಗೆ ಮೇಲುಗಡೆ ಯಾವ ಕೆರೆ ಇದೆ, ಅದರ ಕೋಡಿ ನೀರು ಯಾವ ದಾರಿಯಲ್ಲಿ ಹರಿಯಬೇಕು, ಆ ದಾರಿಯಲ್ಲಿ ಈಗ ಏನಿದೆ? ಈ ಮೂರು ಪ್ರಶ್ನೆಗೆ ಉತ್ತರ ಗೊತ್ತಿಲ್ಲದ ಮನೆ ಸಿದ್ಧವಾಗಿಲ್ಲ ಎಂದೇ ನನ್ನ ಅಭಿಪ್ರಾಯ, ಎಷ್ಟು ಟಾರ್ಚು ಕೊಂಡಿದ್ದರೂ ಸರಿ. ಹತ್ತಿಪ್ಪತ್ತು ವರ್ಷ ಕೆರೆ ತುಂಬದಿದ್ದರೆ ಕೋಡಿ ಹಳ್ಳದಲ್ಲಿ ಸೈಟು ಏಳುತ್ತದೆ, ಶೆಡ್ಡು ಏಳುತ್ತದೆ. ತುಂಬಿದ ದಿನ ನೀರು ತನ್ನ ಹಳೆಯ ದಾರಿಯಲ್ಲೇ ಬರುತ್ತದೆ. ಹೊಸದಾಗಿ ಸೈಟು ಕೊಳ್ಳುವವರು ಊರಿನ ಹಿರಿಯರನ್ನು ಕೇಳಿ: “ತಾತ, ಕೆರೆ ತುಂಬಿದ ವರ್ಷ ಇಲ್ಲಿ ನೀರು ಎಲ್ಲಿವರೆಗೂ ಬಂದಿತ್ತು?”

ಕೆರೆ ಏರಿಯನ್ನು ನೋಡುವುದು ಕಲಿಯಿರಿ. ತುಂಬಿದ ಕೆರೆಯ ಏರಿ ಬುಡದಲ್ಲಿ ಸ್ವಲ್ಪ ತಿಳಿನೀರು ಜಿನುಗುವುದು ಸಾಮಾನ್ಯ. ಜಿನುಗುವ ನೀರು ಕೆಂಪಗೆ, ಮಣ್ಣು ಕಲಸಿ ಬರಲು ಶುರುವಾದರೆ ಏರಿಯೊಳಗಿನ ಮಣ್ಣು ಕೊಚ್ಚಿ ಹೊರಗೆ ಬರುತ್ತಿದೆ ಎಂದರ್ಥ. ಹೆಗ್ಗಣದ ಬಿಲ, ಏರಿ ಮೇಲೆ ಬೆಳೆದ ಮರ ಸತ್ತು ಬೇರು ಕೊಳೆತ ಜಾಗ, ತೂಬಿನ ಪಕ್ಕದ ಸಂದು ಇಂಥ ಕಡೆಯೇ ಅದು ಆರಂಭವಾಗುವುದು. ಕೆಂಪು ನೀರು ಕಂಡರೆ ಪಂಚಾಯಿತಿಗೂ ಜಿಲ್ಲಾಡಳಿತದ 1077ಕ್ಕೂ ತಿಳಿಸಿ, ಕೆಳಗಿನ ಮನೆಗಳವರನ್ನು ಎಬ್ಬಿಸಿ. ಬೆಳಗಾಗಲಿ ನೋಡೋಣ ಎನ್ನುವ ಹೊತ್ತಲ್ಲ ಅದು.

ನೀರು ಹರಿಯುವ ರಸ್ತೆ ದಾಟುವ ವಿಚಾರ. ಒಂದಡಿ ನೀರಿಗೆ ಸಣ್ಣ ಕಾರು ತೇಲಲು ಶುರುಮಾಡುತ್ತದೆ, ಎರಡಡಿ ಹರಿಯುವ ನೀರು ಬಹುಪಾಲು ವಾಹನಗಳನ್ನು ಎಳೆದುಕೊಂಡು ಹೋಗುತ್ತದೆ, ಬೈಕಿಗೆ ಮೊಣಕಾಲು ನೀರೂ ಬೇಕಿಲ್ಲ. “ದಿನಾ ಓಡಾಡೋ ದಾರಿ” ಎಂಬ ಧೈರ್ಯ ಅಲ್ಲಿ ಕೆಲಸಕ್ಕೆ ಬಾರದು. ನೀರಿನಡಿ ಮೋರಿ ಕೊಚ್ಚಿಹೋಗಿದ್ದರೆ ಮೇಲಿನಿಂದ ಕಾಣುವುದಿಲ್ಲ. ಮನೆಗೆ ನೀರು ನುಗ್ಗುವ ಸೂಚನೆ ಕಂಡರೆ ಮೊದಲು ಮೈನ್ ಸ್ವಿಚ್ ಇಳಿಸಿ, ಗ್ಯಾಸ್ ರೆಗ್ಯುಲೇಟರ್ ಮುಚ್ಚಿ, ರಾಸುಗಳ ಹಗ್ಗ ಬಿಚ್ಚಿ. ಹಗ್ಗ ಕಟ್ಟಿದ್ದರಿಂದಲೇ ಸತ್ತ ಹಸುಗಳು ಎಷ್ಟೋ. ಬಿಟ್ಟರೆ ಅವು ಎತ್ತರಕ್ಕೆ ತಾವೇ ಹೋಗುತ್ತವೆ.

ಚಿತ್ತೆ, ಸ್ವಾತಿಯಲ್ಲಿ ಮತ್ತೆ ಸಿಡಿಲು. ಮೇಲೆ ಹೇಳಿದ್ದೇ ಪಾಠ.

ರಾಗಿ ಕೊಯ್ಲು ಶುರುವಾದರೆ ಹಾವು, ಆನೆ. ಹಾವಿನ ಬಗ್ಗೆ ಒಂದು ಮಾತು ಮನಸ್ಸಿನಲ್ಲಿ ಕೂರಬೇಕು: ನಾಗರ, ಕಟ್ಟುಹಾವು, ಕೊಳಕುಮಂಡಲ, ಗರಗಸ ಮಂಡಲ, ಈ ನಾಲ್ಕಕ್ಕೂ ಮದ್ದು ಒಂದೇ, ಆಸ್ಪತ್ರೆಯ ಪ್ರತಿವಿಷ. ಅದು ಯಾವ ಆಸ್ಪತ್ರೆಯಲ್ಲಿದೆ ಎಂದು ಕಚ್ಚಿಸಿಕೊಂಡ ಮೇಲೆ ಹುಡುಕಬಾರದು. ಈಗಲೇ ನಿಮ್ಮ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಹೋದಾಗ ಕೇಳಿ: “ಇಲ್ಲಿ ಹಾವಿನ ಇಂಜೆಕ್ಷನ್ ಇದೆಯಾ, ರಾತ್ರಿ ಡಾಕ್ಟರ್ ಇರ್ತಾರಾ?” ಇಲ್ಲ ಎಂದರೆ ಕನಕಪುರದ ತಾಲ್ಲೂಕು ಆಸ್ಪತ್ರೆಗೋ ರಾಮನಗರದ ಜಿಲ್ಲಾ ಆಸ್ಪತ್ರೆಗೋ ರಾತ್ರಿ ಹೊತ್ತು ಯಾರ ವಾಹನದಲ್ಲಿ ಹೋಗುವುದು ಎಂಬುದೂ ಆಗಲೇ ತೀರ್ಮಾನವಾಗಲಿ. ಕಚ್ಚಿದ ಕಾಲನ್ನು ಮುರಿದ ಮೂಳೆಗೆ ಕಟ್ಟುವಂತೆ ದಬ್ಬೆ ಇಟ್ಟು ಅಲುಗದ ಹಾಗೆ ಮಾಡಿ. ಬಿಗಿದು ಕಟ್ಟುವುದು, ಕೊಯ್ಯುವುದು, ಬಾಯಲ್ಲಿ ಹೀರುವುದು, ನಾಟಿ ಮದ್ದು ಯಾವುದೂ ಬೇಡ. ಕಟ್ಟುಹಾವು ನೆಲದ ಮೇಲೆ ಮಲಗಿದವರನ್ನು ರಾತ್ರಿ ಕಚ್ಚುತ್ತದೆ, ಗಾಯ ಕಾಣದೆ ಇರಬಹುದು, ನೋವೂ ಇರುವುದಿಲ್ಲ. ಬೆಳಿಗ್ಗೆ ಹೊಟ್ಟೆನೋವು, ರೆಪ್ಪೆ ಎತ್ತಲಾಗದ ತೂಕಡಿಕೆ ಕಂಡರೆ ಅನುಮಾನ ಪಡಿ. ಅಂಚನ್ನು ಹಾಸಿಗೆಯಡಿ ಸೇರಿಸಿದ ಸೊಳ್ಳೆಪರದೆ ಒಳ್ಳೆಯ ರಕ್ಷಣೆ. 2024ರ ಫೆಬ್ರುವರಿಯಿಂದ ಕರ್ನಾಟಕದಲ್ಲಿ ಹಾವು ಕಡಿತದ ಪ್ರತಿ ಪ್ರಕರಣವನ್ನೂ ಆಸ್ಪತ್ರೆಗಳು ಸರ್ಕಾರಕ್ಕೆ ವರದಿ ಮಾಡಬೇಕು.

ಆನೆಗೆ ಮನೆಯ ಸಿದ್ಧತೆ ಅಷ್ಟಾಗಿ ಏನಿಲ್ಲ. ಇರುವುದು ನಡವಳಿಕೆಯ ಮಾತು. ಕಾವೇರಿ ಕಾಡಿನ ಕಡೆಯಿಂದ ಬಂದ ಆನೆ ರಾಗಿ, ಬಾಳೆ, ಹಲಸಿಗೆ ಹೊಲಕ್ಕೆ ಇಳಿದು, ಬೆಳಗಾಗುವ ಮುಂಚೆ ಕಾಡಿಗೆ ಮರಳುತ್ತದೆ. ನಮ್ಮವರು ಡೇರಿಗೆ ಹಾಲು ಹಾಕಲು ಕ್ಯಾನು ಹಿಡಿದು ಹೊರಡುವ ಹೊತ್ತೂ ಅದೇ. ಆನೆ ಬಂದ ಸುದ್ದಿ ಇದ್ದ ದಿನ ಬೆಳಕು ಹರಿದ ಮೇಲೆ, ಇಬ್ಬರು ಮೂವರು ಸೇರಿ ಹೋಗಿ. ಅರಣ್ಯ ಇಲಾಖೆಯ ಸಹಾಯವಾಣಿ 1926. ಮೊಬೈಲ್ ಹಿಡಿದು ವಿಡಿಯೊ ಮಾಡಲು ಹಿಂದೆ ಹೋಗುವ ಹುಡುಗರಿಗೆ ಬುದ್ಧಿ ಹೇಳುವ ಕೆಲಸ ಮನೆಯ ದೊಡ್ಡವರದ್ದು.

ಶಿವರಾತ್ರಿ ಕಳೆದರೆ ಬೆಂಕಿಯ ಕಾಲ, ನೀರು ಬತ್ತುವ ಕಾಲ. ಹುಲ್ಲಿನ ಮೆದೆ ಮನೆಗೂ ಕೊಟ್ಟಿಗೆಗೂ ಅಂಟಿಕೊಂಡಿರಬಾರದು, ಕರೆಂಟು ತಂತಿಯ ಕೆಳಗೂ ಇರಬಾರದು. ರೇಷ್ಮೆ ಹುಳು ಮನೆಯಲ್ಲಿ ಬಿದಿರಿನ ಚಂದ್ರಿಕೆ, ಒಣ ಎಲೆ, ಪೇಪರು ರಾಶಿ ಇರುವಾಗ ಒಳಗೆ ಬೀಡಿ, ಕೆಂಡ ಬೇಡ. ಬೆಂಕಿ ಆರಿಸಲು ಮೋಟಾರ್ ಇದೆಯಲ್ಲ ಎನ್ನಬೇಡಿ, ಆ ಹೊತ್ತಿಗೆ ಕರೆಂಟು ಇರಬೇಕಲ್ಲ. ಎರಡು ಡ್ರಮ್ ನೀರು, ಒಂದು ಬಕೆಟ್, ಒಂದು ಗುಡ್ಡೆ ಮರಳು ಸದಾ ಇರಲಿ. ಗ್ಯಾಸ್ ಗಾಳಿಗಿಂತ ಭಾರ, ಸೋರಿದರೆ ನೆಲದಲ್ಲಿ ಹರಡಿ ನಿಲ್ಲುತ್ತದೆ. ವಾಸನೆ ಬಂದರೆ ಸ್ವಿಚ್ಚು ಹಾಕಲೂ ಬಾರದು, ಆರಿಸಲೂ ಬಾರದು. ಬಾಗಿಲು ಕಿಟಕಿ ತೆಗೆದು, ಹೊರಗೆ ಬಂದು 1906ಕ್ಕೆ ಫೋನ್ ಮಾಡಿ. ಸುಟ್ಟ ಗಾಯದ ಮೇಲೆ ಇಪ್ಪತ್ತು ನಿಮಿಷ ತಣ್ಣೀರು ಬಿಡಬೇಕು. ಪೇಸ್ಟು, ಇಂಕು ಬೇಡ.

ನೀರಿಗೆ ಒಂದು ಸುಲಭ ಲೆಕ್ಕ. ಒಂದು ಚದರ ಮೀಟರ್ ಛಾವಣಿಗೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಒಂದು ಲೀಟರ್. ನೂರು ಚದರ ಮೀಟರ್ ಮನೆಗೆ 10 ಮಿಲಿಮೀಟರ್‌ನ ಒಂದು ಹದ ಮಳೆಯಲ್ಲಿ ಸಾವಿರ ಲೀಟರ್ ಬೀಳುತ್ತದೆ. ಸೋರಿದ್ದು, ಮೊದಲ ಕೊಳೆ ನೀರು ಕಳೆದರೂ ಎಂಟುನೂರು ಸಿಗುತ್ತದೆ. ಟ್ಯಾಂಕರ್‌ಗೆ ಕೊಡುವ ದುಡ್ಡು ನೆನೆದರೆ ಒಂದು ಪೈಪು, ಒಂದು ಸೋಸುವ ಡ್ರಮ್ಮು ದುಬಾರಿಯೇನಲ್ಲ. ಬೇರೇನೂ ಆಗದಿದ್ದರೂ ತಲೆಗೆ ದಿನಕ್ಕೆ ನಾಲ್ಕು ಲೀಟರ್‌ನಂತೆ ಮೂರು ದಿನದ ಕುಡಿಯುವ, ಅಡುಗೆಯ ನೀರು ಮುಚ್ಚಿದ ಪಾತ್ರೆಯಲ್ಲಿ ಇರಲಿ.

ಇಲ್ಲಿ ಒಂದು ಹಳೆಯ ಮಾತು ಹೇಳಲೇಬೇಕು. ಮನೆಯಲ್ಲಿ ಆಪತ್ತಿಗೆ ಕೂಡಿಡುವುದು ಜಪಾನಿನಿಂದ ಬಂದ ವಿದ್ಯೆ ಎಂಬಂತೆ ಈಗ ಕೆಲವರು ಮಾತಾಡುತ್ತಾರೆ. ನಮ್ಮ ಸೀಮೆಯ ಹಗೇವು ಅವರು ನೋಡಿಲ್ಲ. ಗಟ್ಟಿ ನೆಲದಲ್ಲಿ ಆಳಕ್ಕೆ ತೋಡಿ, ಹುಲ್ಲು ಹೊದಿಸಿ, ರಾಗಿ ತುಂಬಿ, ಬಾಯಿ ಮುಚ್ಚಿದರೆ ಹುಳ ಹಿಡಿಯದೆ ವರ್ಷಗಟ್ಟಲೆ ಕೆಡದೆ ಇರುತ್ತಿತ್ತು. ಒಳಗಿನ ಗಾಳಿಯನ್ನು ಕಾಳೇ ಉಸಿರಾಡಿ ಮುಗಿಸುವುದರಿಂದ ಹುಳಕ್ಕೆ ಬದುಕಿಲ್ಲ. ಮನುಷ್ಯನಿಗೂ ಬದುಕಿಲ್ಲ. ಬಾಯಿ ತೆಗೆದ ತಕ್ಷಣ ಇಳಿದವರು ಉಸಿರುಗಟ್ಟಿ ಸಾಯುತ್ತಿದ್ದರು. ಅದಕ್ಕೇ ಹಗೇವು ತೆಗೆದು ಹೊತ್ತು ಬಿಟ್ಟು, ದೀಪ ಇಳಿಬಿಟ್ಟು, ಅದು ಆರದಿದ್ದರೆ ಇಳಿಯುವ ಪದ್ಧತಿ. ಇವತ್ತು ಬಹಳ ದಿನ ಮುಚ್ಚಿದ ಸಂಪು, ಪಾಳು ಬಾವಿ, ಶೌಚದ ಗುಂಡಿಗೆ ಇಳಿಯುವವರಿಗೂ ಅಪಾಯ ಇದೇ. ಆದರೆ ಗುಂಡಿಯಲ್ಲಿ ಉರಿಯುವ ಅನಿಲವೂ ಇರುವುದರಿಂದ ಅಲ್ಲಿ ದೀಪ ಬಿಡಬಾರದು, ಮನುಷ್ಯರು ಇಳಿಯಲೇಬಾರದು. ಹಗೇವಿಗೂ ಮಿತಿ ಇತ್ತು. 1876ರಿಂದ 78ರವರೆಗಿನ ಧಾತು, ಈಶ್ವರ ಸಂವತ್ಸರಗಳ ಬರದಲ್ಲಿ ಮೈಸೂರು ಸಂಸ್ಥಾನ ಸುಮಾರು ಹತ್ತು ಲಕ್ಷ ಜನರನ್ನು ಕಳೆದುಕೊಂಡಿತು. ಎರಡು ವರ್ಷ ಮಳೆ ಕೈಕೊಟ್ಟರೆ ಹಗೇವೂ ಬರಿದಾಗುತ್ತದೆ ಎಂಬುದನ್ನೂ ಅದು ತೋರಿಸಿತು.

ಇನ್ನು ಮನೆಯೊಳಗಿನ ಪೆಟ್ಟಿಗೆ. ಒಂದು ಸಣ್ಣ ಟ್ರಂಕು ಸಾಕು. ಆಧಾರ್, ರೇಷನ್ ಕಾರ್ಡು, ಪಾಸ್‌ಬುಕ್, ಹಕ್ಕುಪತ್ರ, ಕ್ರಯಪತ್ರ, ರಾಸುಗಳ ವಿಮೆ ಪತ್ರ ದಪ್ಪ ಪ್ಲಾಸ್ಟಿಕ್ ಕವರಿನಲ್ಲಿ. ಪಹಣಿಯನ್ನು ನಾಡಕಚೇರಿಯಲ್ಲಿ ಮತ್ತೆ ಪಡೆಯಬಹುದು, ಹಳೆಯ ಕ್ರಯಪತ್ರದ ಅಸಲು ಹೋದರೆ ಅಲೆದಾಟ. ಎಲ್ಲದರ ಫೋಟೊ ತೆಗೆದು ಬೇರೆ ಊರಿನ ನೆಂಟರ ಫೋನಿಗೂ ಕಳಿಸಿ. ಬಿಪಿ, ಸಕ್ಕರೆ ಕಾಯಿಲೆಯವರ ಒಂದು ವಾರದ ಮಾತ್ರೆ, ಓಆರ್‌ಎಸ್ ಪೊಟ್ಟಣ, ಟಾರ್ಚು, ಸೆಲ್ಲು, ಪವರ್ ಬ್ಯಾಂಕ್, ಹತ್ತು, ಐವತ್ತರ ಚಿಲ್ಲರೆ ನೋಟು. ಕರೆಂಟು ಹೋಗಿ ಟವರ್ ಸತ್ತರೆ ಫೋನ್‌ಪೇ ನಡೆಯುವುದಿಲ್ಲ. ತಿನ್ನಲು ಹುರಿಹಿಟ್ಟು, ಅವಲಕ್ಕಿ, ಬೆಲ್ಲ, ಕಡಲೆ, ಒಲೆ ಹಚ್ಚದೆ ಆಗುವಂಥದ್ದು. ಯುಗಾದಿಗೊಮ್ಮೆ, ದಸರೆಗೊಮ್ಮೆ ತೆಗೆದು ತಿಂದು ಹೊಸದು ತುಂಬಿ.

ಫೋನ್ ನಂಬರುಗಳನ್ನು ಫೋನಿನಲ್ಲೇ ಇಟ್ಟುಕೊಂಡರೆ ಫೋನ್ ಸತ್ತಾಗ ಅವೂ ಸತ್ತಂತೆ. ಪೊಲೀಸು, ಅಗ್ನಿಶಾಮಕ, ಆಂಬುಲೆನ್ಸ್ ಮೂರಕ್ಕೂ 112. ಅದರ ಕೆಳಗೆ ಮೇಲೆ ಹೇಳಿದವು, ಗ್ರಾಮ ಆಡಳಿತ ಅಧಿಕಾರಿ, ಪಶುವೈದ್ಯರು, ಕಾರಿರುವ ಇಬ್ಬರು ನೆರೆಯವರು. ರಟ್ಟಿನ ಮೇಲೆ ದಪ್ಪ ಅಕ್ಷರದಲ್ಲಿ ಬರೆದು ಬಾಗಿಲ ಹಿಂದೆ ಅಂಟಿಸಿ, ಓದು ಬಾರದ ಅಜ್ಜಿಗೆ 112 ಒತ್ತುವುದನ್ನು ಕಲಿಸಿ.

ಕೊನೆಯದು, ಜನ ತೀರ ಉದಾಸೀನ ಮಾಡುವುದು: ನಷ್ಟ ಆದ ಮೇಲಿನ ಕಾಗದ. ರಾಜ್ಯ ವಿಪತ್ತು ಪರಿಹಾರ ನಿಧಿಯ 2022–26ರ ನಿಯಮಗಳಲ್ಲಿ ಜೀವಹಾನಿಗೆ 4 ಲಕ್ಷ, ಹಾಲು ಕೊಡುವ ಹಸು ಎಮ್ಮೆಗೆ 37,500, ಎತ್ತಿಗೆ 32,000, ಕುರಿ ಮೇಕೆಗೆ 4,000 ರೂಪಾಯಿ ಎಂದು ನಿಗದಿಯಾಗಿತ್ತು. ಸಿಡಿಲಿನ ಸಾವಿಗೂ ಕರ್ನಾಟಕದಲ್ಲಿ ಪರಿಹಾರ ಕೊಡುತ್ತಾರೆ. ಆದರೆ ಮರಣೋತ್ತರ ಪರೀಕ್ಷೆ ಮತ್ತು ಮಹಜರು ಇಲ್ಲದೆ ಕಡತ ಮುಂದೆ ಹೋಗುವುದಿಲ್ಲ. ದುಃಖದಲ್ಲಿ, ಅವಸರದಲ್ಲಿ, ಅದೇ ಸಂಜೆ ಹೂತುಬಿಡುತ್ತಾರೆ, ವಾರದ ಮೇಲೆ ತಾಲ್ಲೂಕು ಕಚೇರಿಗೆ ಬರುತ್ತಾರೆ. ಬಿದ್ದ ಗೋಡೆ, ಹಾರಿದ ಶೀಟಿನ ಫೋಟೊವನ್ನು ರಿಪೇರಿಗೆ ಮುಂಚೆ ತೆಗೆಯಿರಿ, ಅರ್ಜಿಯ ಒಂದು ಪ್ರತಿಗೆ ಸೀಲು ಹಾಕಿಸಿಕೊಳ್ಳಿ. ಸತ್ತ ಹಸುವನ್ನು ಹೂಳುವ ಮುಂಚೆ ಪಶುವೈದ್ಯರಿಗೆ ಫೋನ್ ಮಾಡಿ.